ನೋಯದ ಹೆಬ್ಬೆರಳು

ಡಿಸೆಂಬರ್ 3, 2024, ಮಂಗಳವಾರ

ಇಂದು ಬೆಳಿಗ್ಗೆ ಗೋಕಾಕ–ಮೂಡಲಗಿ ಬಸ್ಸಿನಲ್ಲಿ ನಾಗನೂರ ಹತ್ತಿರ ಒಬ್ಬ ಹೆಂಗಸು ಉಳ್ಳಾಗಡ್ಡಿ ಚೀಲವನ್ನು ನನ್ನ ಬಲಗಾಲಿನ ಹೆಬ್ಬೆರಳ ಮೇಲೆ ಇಳಿಸಿದಳು. ಇಳಿಸಿದ ಮೇಲೆ, "ಸ್ವಲ್ಪ ಸರೀರಿ ಮೇಡಂ, ಚೀಲಾ ಇಡಾಕ ಜಾಗಾ ಇಲ್ಲ" ಎಂದಳು. ಜಾಗ ಆಗಲೇ ಸಿಕ್ಕಿತ್ತಲ್ಲ. ಆರು ವರ್ಷದ ಕಂಡಕ್ಟರ್ ನೌಕರಿಯಲ್ಲಿ ನಾನು ಕಲಿತ ಬೈಗುಳಗಳೆಲ್ಲ ಹಲ್ಲಿನ ಹಿಂದೆ ಬಂದು ನಿಂತವು. ಆದರೆ ಅವಳ ಹಿಂದೆ ಇನ್ನೂ ಮೂವತ್ತು ಜನ ಟಿಕೀಟಿಗೆ ಕೈ ಚಾಚಿದ್ದರು. ನುಂಗಿದೆ.

ಡ್ರೈವರ್ ಮಾಲಿಂಗ ಕಾಕಾ ಕನ್ನಡಿಯಲ್ಲಿ ನೋಡಿದರು. "ಶೈಲಾ, ಮಾರಿ ಯಾಕ ಹಂಗ ಮಾಡಿ? ಹುಳಿ ಮಜ್ಜಗಿ ಕುಡದಂಗ?"

"ಕಾಲ್ಮ್ಯಾಲ ಉಳ್ಳಾಗಡ್ಡಿ ಬಿತ್ರಿ ಕಾಕಾ."

"ಉಳ್ಳಾಗಡ್ಡಿ ಹೆಚ್ಚಿದ್ರ ಅಳ್ತಾರ. ಬಿದ್ರ ಯಾರ ಅಳ್ತಾರ?"

ಖರೆ ಹೇಳಬೇಕೆಂದರೆ ತಪ್ಪು ಉಳ್ಳಾಗಡ್ಡಿಯದು ಮಾತ್ರವಲ್ಲ. ದೀಪಾವಳಿಯಿಂದಲೂ ಆ ಉಗುರಿನ ಮೂಲೆ ಚುಚ್ಚುತ್ತಿತ್ತು. ಚುಚ್ಚಿದಾಗಲೆಲ್ಲ ಬ್ಲೇಡು ತೆಗೆದುಕೊಂಡು ಆ ಮೂಲೆಯನ್ನು ಇನ್ನಷ್ಟು ಆಳಕ್ಕೆ ಕೊರೆಯುತ್ತಿದ್ದೆ. ಅದರ ಮೇಲೆ ಈ ಕರಿ ಬೂಟು. ಮುಂದೆ ಚೂಪಾಗಿದೆ, ಚಂದ ಕಾಣುತ್ತದೆ ಎಂದು ನಾನೇ ಆರಿಸಿ ತಂದದ್ದು. ಚಂದ ಯಾರಿಗೆ ಕಂಡಿತೋ ಗೊತ್ತಿಲ್ಲ. ಬಸ್ಸಿನಲ್ಲಿ ಕಾಲು ಕಾಣುವಷ್ಟು ಜಾಗವೇ ಇರುವುದಿಲ್ಲ.

ಸಂಜೆ ಘೋಡಗೇರಿಯ ಮನೆಗೆ ಬಂದು ಬೂಟು ಬಿಚ್ಚಿದರೆ ಬೆರಳು ಕೆಂಪಗೆ ಊದಿತ್ತು. ಮನೆಯಲ್ಲಿ ನಾವು ಮೂವರು: ನಾನು, ಗಂಡ ಅರ್ಜುನ, ಮುದುಕ. ಅರ್ಜುನ ಸಕ್ಕರೆ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಹೋಗುತ್ತಾನೆ. ಮುದುಕ ಎಂದರೆ ನನ್ನ ಮಾವ ಲಗಮಪ್ಪ. ಐವತ್ತು ವರ್ಷ ಕುರಿ ಕಾಯ್ದು, ಈಗ ಕುರಿ ಮಾರಿ ನಮ್ಮನ್ನು ಕಾಯುತ್ತಿದ್ದಾನೆ. ಅತ್ತೆ ಕರೆವ್ವ ಇದ್ದಾಗ ಅವಳ ಮೂಲಕ ನನ್ನೊಡನೆ ಮಾತಾಡುತ್ತಿದ್ದ. ಅವಳು ಹೋಗಿ ಎರಡು ವರ್ಷವಾಯಿತು. ಈಗ ಗೋಡೆಯ ಮೂಲಕ ಮಾತಾಡುತ್ತಾನೆ. "ಚಾ ಆಗಿದ್ರ ಕೊಡ್ಬೇಕು" ಎಂದು ಗೋಡೆಗೆ ಹೇಳುತ್ತಾನೆ. ಗೋಡೆಗೆ ಚಹಾ ಮಾಡಲು ಬರುವುದಿಲ್ಲವಾದ್ದರಿಂದ ನಾನು ಮಾಡುತ್ತೇನೆ.

ಡಿಸೆಂಬರ್ 6, ಶುಕ್ರವಾರ

ಹುಕ್ಕೇರಿ ರೂಟು. ಕುಂಟುವ ಕಂಡಕ್ಟರಮ್ಮನನ್ನು ಕಂಡರೆ ಇಡೀ ಬಸ್ಸು ವೈದ್ಯರಾಗುತ್ತದೆ.

ಮೊದಲ ಸೀಟಿನ ಅಜ್ಜಿ: "ಉಗುರಸುತ್ತ ಅದು. ನಿಂಬಿಹಣ್ಣಿಗೆ ತೂತ ಹೊಡದ ಬೆರಳಿಗೆ ಹಾಕ್ಕೊ ಯವ್ವಾ." ಎರಡನೆಯ ಸೀಟು: ಸುಣ್ಣ ಮತ್ತು ಬೆಲ್ಲ. ಮೂರನೆಯ ಸೀಟು: ಯಾರದೋ ದೃಷ್ಟಿ. ಕಿಟಕಿ ಪಕ್ಕದ ಗಂಡಸು ಮೊಬೈಲು ತೆಗೆದು, ಅಮೆರಿಕದಲ್ಲಿ ಯಾರೋ ಉಗುರನ್ನೇ ಕಿತ್ತು ಹಾಕುವ ವಿಡಿಯೋ ತೋರಿಸಿದ. ಅವನ ಊರು ಬರುವವರೆಗೆ ತೋರಿಸಿದ.

ಒಬ್ಬರೂ ಕುಳಿತುಕೋ ಎನ್ನಲಿಲ್ಲ. ಕುಳಿತುಕೊಳ್ಳಲು ಸೀಟೂ ಇರಲಿಲ್ಲ.

ರಜೆ ಹಾಕಬೇಕು ಎಂದುಕೊಳ್ಳುತ್ತೇನೆ. ಆದರೆ ಅರ್ಜಿಯಲ್ಲಿ ಏನೆಂದು ಬರೆಯುವುದು? ಜ್ವರ ಎಂದರೆ ಮರ್ಯಾದೆ ಇದೆ, ಸೊಂಟನೋವಿಗೂ ಇದೆ. ಉಗುರಿಗೆ ಇಲ್ಲ.

ಡಿಸೆಂಬರ್ 8, ಭಾನುವಾರ

ವಾರದ ರಜೆ. ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ತೊಡಿಸಿ ಕಟ್ಟೆಯ ಮೇಲೆ ಕುಳಿತೆ. ಹುಳಿ ಹುಣ್ಣಿಗೆ ತಾಗಿದಾಗ, ಸತ್ತ ನನ್ನ ಅಜ್ಜಿ, ಅವಳ ತಾಯಿ, ಎಲ್ಲರೂ ಸಾಲಾಗಿ ಕಣ್ಣಮುಂದೆ ಬಂದರು.

ಮುದುಕ ಹೊರಗೆ ಬಂದ. ನಿಂಬೆಹಣ್ಣು ನೋಡಿದ. ಒಳಗೆ ಹೋಗಿ ಕುರಿಯ ಗೊರಸು ಕೊಯ್ಯುವ ಬಾಗಿದ ಚೂರಿ ಹಿಡಿದು ಬಂದ. ಕುರಿ ಮಾರಿದರೂ ಚೂರಿ ಮಾರಿಲ್ಲ.

"ಕುರಿ ಗೊರಸ ಒಳಗ ಮಡಚಿದ್ರ ನಾವ ಹಿಂಗ ನೆಟ್ಟಗ ಕೊಯ್ತಿದ್ವಿ" ಎಂದು ಗೋಡೆಗೆ ಹೇಳಿದ. "ಮೂಲಿ ಕೊರದ್ರ ಕೆಟ್ಟತು. ಯಾರಿಗರ ಬೇಕಾಗಿದ್ರ ಕೊಯ್ದ ಕೊಡ್ತೇನಿ."

ಸೊಸೆಯ ಕಾಲನ್ನು ಮಾವ ಹಿಡಿದರೆ ಊರಿಗೆ ಆರು ತಿಂಗಳು ಬೇರೆ ಸುದ್ದಿ ಬೇಕಾಗುವುದಿಲ್ಲ. ಅದೂ ಕುರಿ ಚೂರಿಯಿಂದ. "ಬ್ಯಾಡ್ರಿ" ಎಂದೆ, ನಾನೂ ಗೋಡೆಗೇ.

ಆಗ ಅವನಿಗೆ ಉತ್ಸಾಹ ಬಂತು. ಬಟ್ಟೆ ಸುತ್ತಿದ ತನ್ನ ಎಡಗಾಲನ್ನು ಮುಂದೆ ಚಾಚಿದ. "ನಂದೂ ಹೆಬ್ಬಟ್ಟಿನ ಉಗುರ ಒಳಗ ಹೊಕ್ಕೇತಿ. ದಸರಾದಿಂದ ಐತಿ. ಒಂದ ದಿನಾ ಹಾ ಅಂದೇನೇನು? ನಮ್ಮ ಕಾಲದಾಗ ಉಗುರಿಗೆಲ್ಲಾ ಅಳೂದ ಇರಲಿಲ್ಲ. ಕೊಂಕಣಕ್ಕ ನಡಕೋತ ಹೋಗಿ ನಡಕೋತ ಬಂದ ಕಾಲ ಇವು."

ಕಾಲಿನಿಂದ ಹಳೆಯ ಕಂಬಳಿಯ ವಾಸನೆ ಬಂತು, ಅದರ ಕೆಳಗೆ ಇನ್ನೇನೋ ವಾಸನೆ. ಮೂಗು ತಿರುಗಿಸಿ ಒಳಗೆ ಬಂದೆ. ಎಂಟು ವರ್ಷದಿಂದ ಇವನಿಗೆ ಸಕ್ಕರೆ ಕಾಯಿಲೆ. ಗುಳಿಗೆಯನ್ನು ನೆನಪಾದಾಗ ತಿನ್ನುತ್ತಾನೆ, ಕರದಂಟನ್ನು ನೆನಪಾಗದಿದ್ದರೂ ತಿನ್ನುತ್ತಾನೆ. ಆದರೂ ಗಟ್ಟಿಯಾಗಿದ್ದಾನೆ. ನಮ್ಮನ್ನೆಲ್ಲ ಕಳಿಸಿಯೇ ಹೋಗುತ್ತಾನೆ.

ಡಿಸೆಂಬರ್ 11, ಬುಧವಾರ

ಕೀವು. ಬೂಟಿನ ಮುಂಭಾಗವನ್ನು ಕತ್ತರಿಯಿಂದ ಕತ್ತರಿಸಿದೆ. ಬರೆಯಲು ಬೇರೇನೂ ಇಲ್ಲ.

ಡಿಸೆಂಬರ್ 13, ಶುಕ್ರವಾರ

ಇಂದು ಒಬ್ಬ ಗರ್ಭಿಣಿಗೆ ಗಂಡಸರ ಟಿಕೀಟು ಕೊಟ್ಟೆ, ಒಬ್ಬ ಮೀಸೆಯವನಿಗೆ ಹೆಂಗಸರ ಪುಕ್ಕಟೆ ಟಿಕೀಟು ಕೊಟ್ಟೆ. ಮೀಸೆಯವನು ತಕರಾರು ಮಾಡಲಿಲ್ಲ. ಆಮೇಲೆ ಯಾರದೋ ಚಪ್ಪಲಿ ನನ್ನ ಬೆರಳಿಗೆ ಬರೀ ತಾಗಿತು, ತುಳಿಯಲೂ ಇಲ್ಲ, ನಾನು ಚೀರಿದೆ. ಮಾಲಿಂಗ ಕಾಕಾ ಬ್ರೇಕ್ ಹಾಕಿದರು. ಕಬ್ಬಿನ ಟ್ರ್ಯಾಕ್ಟರಿಗೆ ಬಡಿದೆವೆಂದು ಅರ್ಧ ಬಸ್ಸು ಎದ್ದು ನಿಂತಿತು.

ಗೋಕಾಕಿಗೆ ಬಂದು ಜನ ಇಳಿದ ಮೇಲೆ ಕಾಕಾ ನನ್ನ ಟಿಕೀಟು ಯಂತ್ರ ಕಸಿದುಕೊಂಡರು. "ನಾ ಡಿಪೋದಾಗ ಕೊಟ್ಟ ಬರ್ತೇನಿ ಇದನ್ನ. ನೀ ಮೊದಲ ಡಾಕ್ಟರ ಕಡೆ ಹೋಗು. ನಿಂಬಿಹಣ್ಣಿನ ಮರಾ ಹತ್ತಬ್ಯಾಡ."

ಡಾಕ್ಟರ್ ಅರ್ಚನಾ ಮಸಗುಪ್ಪಿಯವಳು. ನನಗಿಂತ ಚಿಕ್ಕವಳು. ಬೆರಳು ನೋಡಿ ನಗಲಿಲ್ಲ. ಅಷ್ಟಕ್ಕೇ ನನಗೆ ಅಳು ಬರುವಂತಾಯಿತು. ನೌಕರಿಯ ಆಣೆ, ಅಳಲಿಲ್ಲ.

"ಮೂಲಿ ಕೊರದಿರೇನು?"

"ಹೌದ್ರಿ."

"ಕೊರದಾಗ ಉಗುರಿನ ಬಾಜೂಕ ಒಂದ ಸಣ್ಣ ಮುಳ್ಳಿನಂಥಾದ್ದ ಉಳದಿರ್ತೈತಿ. ಉಗುರ ಮುಂದ ಬೆಳದಂಗ ಆ ಮುಳ್ಳ ಮಾಂಸದಾಗ ಹೋಗ್ತೈತಿ. ಅದು ಚುಚ್ಚತೈತಿ ಅಂತ ನೀವ ಮತ್ತ ಕೊರೀತೀರಿ, ಅದು ಇನ್ನೂ ಒಳಗ ಹೋಗ್ತೈತಿ. ಬೂಟ ಬ್ಯಾರೆ ಮ್ಯಾಲಿಂದ ಒತ್ತತೈತಿ. ಉಗುರ ಯಾವಾಗಲೂ ನೆಟ್ಟಗ ಅಡ್ಡ ಕತ್ತರಿಸಬೇಕ್ರಿ. ಮೂಲಿ ಬಿಡಬೇಕು."

ಮುದುಕ ಗೋಡೆಗೆ ಹೇಳಿದ್ದೂ ಇದನ್ನೇ. ಅವನಿಗೆ ಇದನ್ನು ತಿಳಿಸುವ ಉದ್ದೇಶ ನನಗಿಲ್ಲ.

ದಿನಕ್ಕೆ ಮೂರು ಸಲ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಹದಿನೈದು ನಿಮಿಷ ಕಾಲಿಡಬೇಕು, ಒರೆಸಿ ಒಣಗಿಸಬೇಕು, ಉಗುರಿನ ಅಂಚಿನ ಕೆಳಗೆ ಅರಳೆಯ ಎಳೆ ಸಿಕ್ಕಿಸಬೇಕು, ಗುಳಿಗೆ ನುಂಗಬೇಕು, ಬೂಟು ಬಿಟ್ಟು ಚಪ್ಪಲಿ ಹಾಕಬೇಕು. ವಾರದಲ್ಲಿ ಇಳಿಯದಿದ್ದರೆ ಉಗುರಿನ ಅಂಚು ತೆಗೆಯಬೇಕು. ಉಗುರುಬೆಚ್ಚಗೆ ಎಂಬ ಮಾತು ಇಂಥ ಕೆಲಸಕ್ಕೆಂದೇ ಹುಟ್ಟಿರಬೇಕು.

"ರಜಾ ಚೀಟಿ ಬರದ ಕೊಡ್ಲೇನ್ರಿ?"

"ಏನಂತ ಬರೀತೀರಿ?"

"ಒಳಗ ಬೆಳದ ಉಗುರು, ಸೋಂಕು. ಇದ್ದದ್ದನ್ನ ಬರೀತೇನಿ."

ಇದ್ದದ್ದನ್ನೇ ಬರೆಯಬಹುದು ಎಂದು ನನಗೆ ಹೊಳೆದಿರಲಿಲ್ಲ.

ಡಿಸೆಂಬರ್ 16, ಸೋಮವಾರ

ಮುದುಕ ನನ್ನನ್ನು ಬೇಯಿಸಲು ಹೊರಟಿದ್ದಾನೆ.

ಸಂಜೆ ನಾನು ಕಟ್ಟೆಯ ಮೇಲಿದ್ದೆ. ಯಾರೂ ಕೇಳದೆಯೇ ಹಂಡೆಯ ನೀರು ತಗಡಿನ ಬುಟ್ಟಿಗೆ ಸುರಿದು ತಂದು ನನ್ನ ಮುಂದೆ ಇಟ್ಟ. ಬಿಸಿ ನೋಡಲು ತನ್ನ ಬಲಗಾಲನ್ನು ಅದರಲ್ಲಿ ಇಳಿಸಿದ. ಎಣಿಸಿದಂತೆ ಸ್ವಲ್ಪ ಹೊತ್ತು ನಿಂತ. "ಬೆಚ್ಚಗೈತಿ. ಇಡಬೇಕು" ಎಂದ.

ಇಟ್ಟೆ. ಎದ್ದು ಕುಣಿದೆ. ಕಾಲು ಹಿಮ್ಮಡಿಯವರೆಗೆ ಕೆಂಪು. ಅವನು ಅದೇ ನೀರಿನಲ್ಲಿ ಆರಾಮಾಗಿ ನಿಂತಿದ್ದ. ನಾನು ಕುಣಿದದ್ದು ನೋಡಿ ಅವನಿಗೆ ನಗು. "ಈಗಿನ ಮಂದಿ ಚರ್ಮ ಹೂವಿಂದ" ಎಂದ.

ಹಗೆ ತೀರಿಸಿದನೋ, ಅಥವಾ ಅವನ ಚರ್ಮವೇ ಬೂಟಿನ ಅಟ್ಟೆಯೋ, ತಿಳಿಯಲಿಲ್ಲ. ಅರ್ಜುನನಿಗೆ ಹೇಳಿದರೆ, "ಅಪ್ಪಾ ನಿನಗ ನೀರ ಕಾಸಿ ಕೊಟ್ಟಾನು?" ಎಂದು ಅದನ್ನೇ ಮೂರು ಸಲ ಕೇಳಿದ. ನಾನು ಸುಟ್ಟದ್ದನ್ನು ಒಂದು ಸಲವೂ ಕೇಳಲಿಲ್ಲ.

ಡಿಸೆಂಬರ್ 20, ಶುಕ್ರವಾರ

ಬೆರಳು ಇಳಿಯಲಿಲ್ಲ. ಉಗುರಿನ ಬದಿಗೆ ಕೆಂಪು ಮಾಂಸ ಬೆಳೆದಿತ್ತು. "ಅಂಚ ತಗದ ಬಿಡೂಣ್ರಿ" ಎಂದಳು ಅರ್ಚನಾ.

ಬೆರಳಿನ ಬುಡಕ್ಕೆ ಎರಡು ಸೂಜಿ. ಅವುಗಳ ಬಗ್ಗೆ ಬರೆಯುವುದಿಲ್ಲ. ಐದು ನಿಮಿಷದಲ್ಲಿ ಬೆರಳು ಯಾರದೋ ಆಯಿತು. ಅವಳು ಇಕ್ಕಳದಿಂದ ಒತ್ತಿ, "ನೋಯ್ತೈತಾ?" ಎಂದಳು. ಒತ್ತಿದ್ದೇ ತಿಳಿಯಲಿಲ್ಲ. ಉಗುರಿನ ಒಂದು ಬದಿಯನ್ನು ಮಾತ್ರ ಉದ್ದಕ್ಕೆ ಸೀಳಿ ಎಳೆದಳು. ಹುಣಸೆಬೀಜದ ಸಿಪ್ಪೆಯಷ್ಟೂ ಇರಲಿಲ್ಲ. ಇಷ್ಟಕ್ಕೆ ನಾನು ಹದಿನೇಳು ದಿನ ಸತ್ತೆ. ಆ ಬದಿ ಮತ್ತೆ ಬೆಳೆಯದಂತೆ ಬೇರಿಗೆ ಏನೋ ಔಷಧ ಹಚ್ಚಿದಳು.

ನೋವಿಲ್ಲದ ಖುಷಿಗೆ ನನಗೆ ಮಾತು ಬಂತು. ನಿಂಬೆಹಣ್ಣಿನ ಕಥೆ ಹೇಳಿದೆ. ಮಾವ ನೀರಿನಲ್ಲಿ ನನ್ನನ್ನು ಬೇಯಿಸಿದ್ದನ್ನು ಅಭಿನಯ ಮಾಡಿ ಹೇಳಿದೆ. ಅವಳು ನಕ್ಕಳು. "ಅವಂದೂ ಉಗುರ ಹಿಂಗ ಒಳಗ ಹೋಗೇತಂತ್ರಿ, ದಸರಾದಿಂದ. ಒಂದ ದಿನಾ ನೋವ ಆಗಿಲ್ಲಂತ. ಸಕ್ರಿ ಬ್ಯಾನಿ ಐತಿ, ಆದ್ರ ಕಲ್ಲ ಇದ್ದಂಗ ಅದಾನ" ಎಂದೆ.

ಅವಳ ಕೈ ನಿಂತಿತು. ಪಟ್ಟಿ ಅರ್ಧ ಸುತ್ತಿದ್ದಳು.

"ಸಕ್ರಿ ಬ್ಯಾನಿ ಎಷ್ಟ ವರ್ಷ ಆತು?"

"ಎಂಟ್ರಿ."

"ಬಿಸಿನೀರ ಅವರಿಗೆ ತಿಳೀಲಿಲ್ಲ?"

"ಇಲ್ರಿ."

"ಈಗ ನಿಮ್ಮ ಬೆರಳ ಹೆಂಗ ಆಗೈತಿ?"

"ಇದ್ದೂ ಇಲ್ಲದಂಗ್ರಿ."

"ಅವರ ಕಾಲ ದಿನಾ ಹಂಗ ಇರಬೇಕು. ನಾ ಸೂಜಿ ಹಾಕಿ ಸಾಯಿಸಿದ್ದನ್ನ, ಅವರಿಗೆ ಸಕ್ರಿ ಬ್ಯಾನಿ ಸಾಯಿಸೇತಿ. ನಿಮಗ ನೋವಾತು, ಅದಕ್ಕ ಇಲ್ಲಿ ಬಂದೀರಿ. ಅವರಿಗೆ ಯಾರ ಹೇಳ್ಬೇಕು?" ಪಟ್ಟಿ ಕಟ್ಟಿ ಮುಗಿಸಿದಳು. "ನಾಳೆ ಕರಕೊಂಡ ಬರ್ರಿ. ನಾಡಿದ್ದ ಅಲ್ಲ."

ಬಸ್ಸಿನಲ್ಲಿ ಬರುವಾಗ ಹೆಬ್ಬೆರಳಿಗೆ ಜೀವ ಮರಳಿತು, ಟಕ್ ಟಕ್ ಎಂದು. ಮನೆಗೆ ಬಂದು 8ನೇ ತಾರೀಖು ಬರೆದದ್ದನ್ನು ಓದಿದೆ. ವಾಸನೆಯ ಬಗ್ಗೆ ಬರೆದಿದ್ದೇನೆ. ಮೂಗು ತಿರುಗಿಸಿದೆ ಎಂದೂ ಬರೆದಿದ್ದೇನೆ. ಅಕ್ಷರ ದುಂಡಗಿದೆ.

ಡಿಸೆಂಬರ್ 21, ಶನಿವಾರ

ಬೆಳಿಗ್ಗೆ ಅರ್ಜುನ ಹೇಳಿ ನೋಡಿದ. "ನನ್ನ ಕಾಲಿಗೆ ಏನಾಗೈತಿ? ನಿನ್ನ ತಲಿ ತೋರಿಸ್ಕೊ" ಎಂದ ಮುದುಕ. ಅಪ್ಪ ಮಗ ಜಗಳಾಡಿಕೊಂಡು ಇಬ್ಬರೂ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿ ಕುಳಿತರು.

ನಾನು ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು ಅವನೆದುರು ನೆಲದ ಮೇಲೆ ಕುಳಿತೆ. ಹಬ್ಬಕ್ಕೆ ಬೆರಳ ತುದಿಯಿಂದ ಮುಟ್ಟಿ ನಮಸ್ಕಾರ ಮಾಡಿದ್ದು ಬಿಟ್ಟರೆ ಆ ಕಾಲನ್ನು ಎಂದೂ ಮುಟ್ಟಿರಲಿಲ್ಲ. ಎರಡೂ ಕೈಯಿಂದ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡೆ. ಅವನು ಎಳೆದುಕೊಂಡ. ನಾನು ಬಿಡಲಿಲ್ಲ. ತುಂಬಿದ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವವಳಿಗೆ ಕಾಲು ಹಿಡಿಯುವುದು ಕಷ್ಟವಲ್ಲ.

ಬಟ್ಟೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದೆ. ಹೆಬ್ಬೆರಳು ಬದನೆಕಾಯಿಯ ಬಣ್ಣ. ಉಗುರು ಪೂರಾ ಹೂತಿತ್ತು. ಒಂದು ಬದಿ ಕಪ್ಪು. ಅರ್ಜುನ ಒಮ್ಮೆ ನೋಡಿ ಅಂಗಳಕ್ಕೆ ಹೋದ.

ಒತ್ತಿದೆ. "ನೋಯ್ತೈತೇನ್ರಿ?"

"ಇಲ್ಲ."

"ವಾಸನಿ ಬರ್ತೈತಿಲ್ರಿ?"

ಅವನು ಗೋಡೆಯತ್ತ ನೋಡಿದ. ಆದರೆ ಗೋಡೆಗೆ ಹೇಳಲಿಲ್ಲ. ತಿರುಗಿ ನನ್ನನ್ನೇ ನೋಡಿ, "ಹದಿನೈದ ದಿನಾತು ಬರಾಕತ್ತಿ" ಎಂದ.

"ಮತ್ತ ಯಾರಿಗೂ ಯಾಕ ಹೇಳ್ಲಿಲ್ರಿ?"

"ಯಾರಿಗೆ ಹೇಳ್ಲಿ? ಅಕಿ ಇದ್ದಿದ್ರ ಅಕಿಗೆ ಹೇಳ್ತಿದ್ದೆ."

ನೆನೆದ ಬಟ್ಟೆಯನ್ನು ಬದಿಗೆ ಇಟ್ಟೆ. ಆಮೇಲೆ ಕೇಳಿದೆ: "ಕುರಿಗೆ ಹಿಂಗ ಆಗಿದ್ರ ಏನ ಮಾಡ್ತಿದ್ರಿ ಮಾವಾರ?"

"ಗೊರಸ ಕೊಳತ ಕುರಿ ಹಿಂದ ಉಳೀತೈತಿ. ಹಿಂದ ಉಳದದ್ದ ತೋಳದ ಪಾಲ."

"ಹಂಗಾದ್ರ ಏಳ್ರಿ. ಹತ್ತೂವರಿ ಬಸ್ಸಿಗೆ ಮಾಲಿಂಗ ಕಾಕಾ ಅದಾರ."

ಮಾವ ಎದ್ದರು. ಅವರ ಎಡಗಾಲು, ನನ್ನ ಬಲಗಾಲು. ಒಬ್ಬರ ಭುಜ ಒಬ್ಬರು ಹಿಡಿದು ಸ್ಟ್ಯಾಂಡಿಗೆ ಹೋಗುವಾಗ ಪಕ್ಕದ ಮನೆಯ ಅಕ್ಕವ್ವ ತನ್ನ ಕಸಬರಿಗೆಯನ್ನೇ ಕೈಬಿಟ್ಟು ನೋಡಿದಳು. ಕಾಕಾ ಬಾಗಿಲು ತೆರೆದು, "ಒಂದ ಮನಿಯವರು ಎಷ್ಟ ಕಾಲ ಕುಂಟಸ್ತೀರಿ?" ಎಂದರು. ಆಮೇಲೆ ಮಾವನ ಕಾಲು ಕಂಡರು. ದಾರಿಯಲ್ಲಿ ಒಂದು ತಗ್ಗಿಗೂ ಬಸ್ಸು ಇಳಿಸಲಿಲ್ಲ.

ಅರ್ಚನಾ ಗಟ್ಟಿ ದಾರದಂಥ ಒಂದು ಎಳೆ ತೆಗೆದಳು. "ಅಜ್ಜಾರ, ಕಣ್ಣ ಮುಚ್ಚರಿ. ಎಳೀ ತಾಗಿದಾಗ ಹಾಂ ಅನ್ರಿ."

ಅಂಗಾಲಿಗೆ ತಾಗಿಸಿದಳು. ಮಾವ ಸುಮ್ಮನಿದ್ದರು. ಇನ್ನೊಂದು ಕಡೆ ತಾಗಿಸಿದಳು. ಸುಮ್ಮನೆ. ಅವಳು ಕೈ ಹಿಂದೆ ತೆಗೆದುಕೊಂಡಳು. ಆಗ ಮಾವ, "ಹಾಂ" ಎಂದರು. ಸ್ವಲ್ಪ ತಡೆದು ಮತ್ತೆ, "ಹಾಂ." ಮತ್ತೂ ತಡೆದು, "ಹಾಂ, ಅಲ್ಲೇ." ಎಳೆ ಅವಳ ಕೈಯಲ್ಲಿ ಗಾಳಿಯಲ್ಲಿತ್ತು.

ಪರೀಕ್ಷೆಯಲ್ಲಿ ಊಹಿಸಿ ಬರೆಯುವ ಹುಡುಗರಂತೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ನನಗೆ ನಗು ಬರಬೇಕಿತ್ತು.

ಇಂದೇ ಬೆಳಗಾವಿಗೆ ಹೋಗಿ ಎಂದು ಚೀಟಿ ಬರೆದಳು. "ಸೋಂಕು ಎಲುಬಿಗೆ ಹೋಗಿರಬಹುದು" ಎಂದು ನನಗೆ ಮಾತ್ರ ಹೇಳಿದಳು.

ಡಿಸೆಂಬರ್ 24, ಮಂಗಳವಾರ, ಬೆಳಗಾವಿ

ಎಲುಬಿಗೆ ಹೋಗಿದೆ. ಬೆರಳು ತೆಗೆದರೆ ಪಾದ ಉಳಿಯುತ್ತದೆ ಎಂದರು. ಅರ್ಜುನ ಪೆನ್ನು ಹಿಡಿದು ಕಾಗದವನ್ನು ಎರಡು ಸಲ ಓದಿದ. ಮಾವ ಪೆನ್ನು ಕಸಿದುಕೊಂಡು ತಾವೇ ಹೆಬ್ಬೆಟ್ಟು ಒತ್ತುವುದಾಗಿ ಹೇಳಿದರು. ಕೈಯ ಹೆಬ್ಬೆಟ್ಟು.

ಡಿಸೆಂಬರ್ 25, ಬುಧವಾರ

ತೆಗೆದರು.

ಡಿಸೆಂಬರ್ 27, ಶುಕ್ರವಾರ

ಮಾವನಿಗೆ ಎರಡು ದಿನದಿಂದ ಒಂದೇ ಪ್ರಶ್ನೆ. "ಅದನ್ನ ಎಲ್ಲಿ ಹಾಕಿದ್ರು?"

"ಗೊತ್ತಿಲ್ರಿ."

"ಕೇಳ್ಕೊಂಡ ಬಾ. ಎಪ್ಪತ್ತ ವರ್ಷ ನನಗಿಂತ ಮುಂದ ಮುಂದ ನಡದೈತಿ ಅದು."

ಹೋಗಿ ಕೇಳಿದೆ. ಅಂಥದ್ದನ್ನೆಲ್ಲ ಸುಡಲು ಕಳಿಸುತ್ತಾರೆ ಎಂದಳು ದಾದಿ. ಬಂದು ಹೇಳಿದೆ. ಮಾವ ಹೊದಿಕೆ ಸರಿಸಿ ಪಟ್ಟಿ ನೋಡಿದರು. "ಹೋಗ್ಲಿ. ಮುಂದಿಂದ ಮುಂದ ಹೋತು. ಹಿಂದ ಉಳದಾವರು ನಾವ ಸಾವಕಾಶ ಹೋಗೂಣು" ಎಂದರು. ಪಕ್ಕದ ಮಂಚದವನು ನಕ್ಕು ಹೊಲಿಗೆ ನೋವು ಮಾಡಿಕೊಂಡ.

ನಾನು ವರಾಂಡಕ್ಕೆ ಹೋಗಿ ನಳದಲ್ಲಿ ಮುಖ ತೊಳೆದೆ. 8ನೇ ತಾರೀಖು ನಾನು ಕಟ್ಟೆಯ ಮೇಲೆ ಮೂಗಿನ ಬದಲು ಕಣ್ಣು ತಿರುಗಿಸಿದ್ದರೆ ಏನಾಗುತ್ತಿತ್ತು ಎಂದು ದೊಡ್ಡ ಡಾಕ್ಟರನ್ನು ಕೇಳಿದ್ದೆ. "ಅದು ಹೇಳಾಕ ಬರೂದಿಲ್ಲಮ್ಮ. ಇನ್ನೊಂದ ವಾರ ತಡಾ ಮಾಡಿದ್ರ ಪಾದ ಹೋಗ್ತಿತ್ತು, ಅದನ್ನ ಮಾತ್ರ ಹೇಳಬಲ್ಲೆ" ಎಂದಿದ್ದರು. ಅರ್ಧ ಉತ್ತರ. ಇನ್ನರ್ಧವನ್ನು ನಾನೇ ಇಟ್ಟುಕೊಳ್ಳಬೇಕು.

ಜನವರಿ 5, 2025, ಭಾನುವಾರ

ಮನೆಗೆ ಬಂದೆವು. ಗಾಯದ ಪಟ್ಟಿಯನ್ನು ದಿನ ಬಿಟ್ಟು ದಿನ ನರ್ಸ್ ವಿಜಯಲಕ್ಷ್ಮಿ ಬಂದು ಬದಲಿಸುತ್ತಾಳೆ. ಉಳಿದದ್ದು ನಮ್ಮ ಕೆಲಸ. ದಿನವೂ ಎರಡೂ ಅಂಗಾಲು, ಬೆರಳ ಸಂದು ನೋಡಬೇಕು. ಬರಿಗಾಲು ಬೇಡ. ಚಪ್ಪಲಿಯೊಳಗೆ ಕೈಯಾಡಿಸಿ ನೋಡಿಯೇ ಹಾಕಬೇಕು. ನೀರಿನ ಬಿಸಿಯನ್ನು ಬೇರೆಯವರು ನೋಡಬೇಕು. ಬ್ಲೇಡು, ಸುಣ್ಣ, ನಿಂಬೆಹಣ್ಣು ಯಾವುದೂ ಹತ್ತಿರ ಬರಬಾರದು. ಉಗುರನ್ನು ಡಾಕ್ಟರೇ ಕತ್ತರಿಸಬೇಕು.

ಮಾವನಿಗೆ ಬಾಗಲು ಆಗುವುದಿಲ್ಲ, ಕಣ್ಣೂ ಮಂಜು. ಅರ್ಜುನನಿಗೆ ಗಾಯ ನೋಡಿದರೆ ತಲೆ ತಿರುಗುತ್ತದೆ. ಕಾರ್ಖಾನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಪಕ್ಕ ನಿಲ್ಲುವ ಗಂಡಸು.

ನಾನು ಮೊಬೈಲಿನ ಬೆಳಕು ಹಾಕಿಕೊಂಡು ಕುಳಿತೆ. ಮಾವ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

"ಯಾಕ್ರಿ ಮಾವಾರ?"

"ಸೊಸಿ ಕಡಿಂದ ಕಾಲ ಹಿಡಿಸ್ಕೊಂಡ್ರ ಮಂದಿ ಏನಂದಾರು?"

"ಮಂದಿ ನಮ್ಮ ಮನ್ಯಾಗ ಇಲ್ರಿ."

ಟವೆಲ್ಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡರು. ಆಮೇಲೆ, "ಕೆಳಗ ಹೆಂಗೈತಿ?" ಎಂದರು, ದೂರದ ಊರಿನ ಮಳೆ ಕೇಳುವವರಂತೆ.

"ಚಲೋ ಐತ್ರಿ. ಹಿಮ್ಮಡಿ ಒಡದೈತಿ, ಎಣ್ಣಿ ಹಚ್ಚತೇನಿ."

ನನ್ನ ಬೆರಳು ಪೂರ್ತಿ ವಾಸಿಯಾಗಿದೆ. ನೋಡುವುದನ್ನು ಮರೆತೇ ಬಿಟ್ಟಿದ್ದೆ.

ಜನವರಿ 14, ಮಂಗಳವಾರ

ಸಂಕ್ರಾಂತಿ. ಎಳ್ಳುಬೆಲ್ಲ ಕೊಡಲು ಬಂದವರೆಲ್ಲ ಕಾಲು ನೋಡಲು ಬಂದವರು. 'ಮಾವಾರಿಗೆ ಎಳ್ಳಷ್ಟ, ಬೆಲ್ಲ ಬ್ಯಾಡ' ಎಂದು ನಾನು ಹೇಳುವ ಮೊದಲೇ ಅವರೇ ಬೆಲ್ಲ ಆರಿಸಿ ತೆಗೆದಿಟ್ಟರು. ಕರದಂಟಿನ ಡಬ್ಬಿಯ ಬಗ್ಗೆ ನಾನು ಕೇಳುತ್ತಿಲ್ಲ, ಅವರು ಹೇಳುತ್ತಿಲ್ಲ.

ಅಕ್ಕವ್ವ ತನ್ನ ಗಂಡನ ಬೆರಳೂ ಊದಿದೆ, ನಿಂಬೆಹಣ್ಣು ಹಾಕಿದ್ದೇನೆ ಎಂದಳು. "ಸಕ್ರಿ ಬ್ಯಾನಿ ಐತೇನು ಅವಗ?" ಎಂದರು ಮಾವ. ಐತಿ ಎಂದಳು. ಮಾವ ಕೋಲು ಹಿಡಿದು ಎದ್ದು ಅವಳ ಮನೆಗೇ ಹೋದರು. ನಾನು ಹಿಂದೆ ಓಡಿದೆ. ಅಂಗಳದಲ್ಲಿ ಅವಳ ಗಂಡ ಸಿದ್ರಾಯಪ್ಪ ಬೆರಳಿಗೆ ನಿಂಬೆಹಣ್ಣು ತೊಟ್ಟು ಕುಳಿತಿದ್ದ. ಮಾವ ತಮ್ಮ ಪಟ್ಟಿ ಕಟ್ಟಿದ ಕಾಲನ್ನು ಅವನ ಮುಂದೆ ಇಟ್ಟರು. "ಎಣಿಸು" ಎಂದರು. ಸಿದ್ರಾಯಪ್ಪ ಎಣಿಸಿದ. "ನಾಲ್ಕ."

"ನಂಗೂ ನೋವಿರಲಿಲ್ಲ. ನಾಳೆ ಇಕಿ ಬಸ್ಸಿಗೆ ಗೋಕಾಕಕ್ಕ ಹೋಗು. ಡಾಕ್ಟರವ್ವ ದಾರಾ ಹಚ್ಚಿ ಕೇಳ್ತಾಳ. ಸುಳ್ಳ ಹಾಂ ಅನ್ನಬ್ಯಾಡ. ನಾ ಅಂದಿದ್ದೆ."

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಿದೆ ಎಂದೂ ಅವರಿಗೆ ಗೊತ್ತಿರಲಿಲ್ಲವೇನೋ.

ಜನವರಿ 22, ಬುಧವಾರ

ಮತ್ತೆ ಡ್ಯೂಟಿಗೆ ಹೋಗತೊಡಗಿ ಎಂಟು ದಿನವಾಯಿತು. ಅಗಲ ಬೂಟು ತಂದಿದ್ದೇನೆ. ಬಾತುಕೋಳಿಯಂತೆ ಕಾಣುತ್ತೇನೆ. ಕಾಲಲ್ಲಿ ಬೆರಳುಗಳು ಒಂದಕ್ಕೊಂದು ಪರಿಚಯವಾಗುತ್ತಿವೆ.

ಸಿದ್ರಾಯಪ್ಪನಿಗೆ ಉಗುರಿನ ಅಂಚಷ್ಟೇ ಹೋಯಿತು. ಬೆರಳು ಉಳಿಯಿತು. ಮಾವ ಇದನ್ನು ಊರಿಗೆಲ್ಲ ಹೇಳಿದ್ದಾರೆ, ತಾವೇ ಕೊಯ್ದವರಂತೆ.

ಫೆಬ್ರವರಿ 9, ಭಾನುವಾರ

ವಾರದ ರಜೆಯನ್ನು ರದ್ದು ಮಾಡಿ ಇಂದು ಡ್ಯೂಟಿಗೆ ಕರೆದಿದ್ದರು. ಮದುವೆಯ ಸುಗ್ಗಿ, ಬಸ್ಸಿನ ತುಂಬ ಹೊಸ ಸೀರೆ. ಮನೆಗೆ ಬರುವಾಗ ಕತ್ತಲಾಗುತ್ತಿತ್ತು. ಮಾವ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದರು. ಅರ್ಜುನ ಪಕ್ಕದಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ.

"ನೀ ದಣದ ಬರ್ತಿ, ಇವತ್ತ ನಾ ನೋಡ್ತೇನಂದೆ. ಮುಟ್ಟಾಕ ಕೊಡವಲ್ಲ" ಎಂದ.

"ಅವಗ ತಿಳಿಯೂದಿಲ್ಲ. ಕಣ್ಣ ಮುಚ್ಚಿ ನೋಡ್ತಾನ" ಎಂದರು ಮಾವ.

ಒಂಬತ್ತು ತಾಸು ನಿಂತು ಬಂದವಳಿಗೆ ಒಂದು ಲೋಟ ನೀರನ್ನೂ ಕೊಡದ ಮನೆ. ಬೈದುಕೊಳ್ಳುತ್ತ ಕೈಕಾಲು ತೊಳೆದು ಕುಳಿತೆ. ಎಡಗಾಲು ಚೆನ್ನಾಗಿತ್ತು, ಗಾಯದ ಜಾಗ ಗುಲಾಬಿ ಬಣ್ಣಕ್ಕೆ ತಿರುಗಿದೆ. ಬಲಗಾಲು ಎತ್ತಿ ಬೆಳಕು ಹಿಡಿದೆ. ಅಂಗಾಲಿನ ನಡುವೆ ಒಂದು ಕಪ್ಪು ಚುಕ್ಕೆ. ಜಾಲಿ ಮುಳ್ಳು, ಚಪ್ಪಲಿಯ ಅಟ್ಟೆ ದಾಟಿ ಒಳಗೆ ಹೋಗಿ ಮುರಿದಿತ್ತು. ಬೆಳಿಗ್ಗೆ ಯಾರದೋ ಕುರಿ ನೋಡಲು ಹೋಗಿದ್ದರಂತೆ. ಅಂದರೆ ಇಡೀ ದಿನ ಅದರ ಮೇಲೆಯೇ ನಡೆದಿದ್ದಾರೆ.

ಇಕ್ಕಳದಿಂದ ಹಿಡಿದು ಎಳೆದೆ. ಉದ್ದವಿತ್ತು. "ಸ್ಸ್" ಎಂದೆ.

"ಏನಾತು?" ಎಂದರು ಮಾವ.

"ಮುಳ್ಳರಿ."

"ಕೈಗೆ ಚುಚ್ಚಿತೇನು?"

"ನನಗಲ್ರಿ. ನಿಮ್ಮ ಕಾಲಾಗ ಇತ್ತು."

ಮಾವ ಮುಳ್ಳನ್ನು ಕೇಳಿ ಪಡೆದು ಬೆಳಕಿಗೆ ಹಿಡಿದು ನೋಡಿದರು. "ಇಷ್ಟ ಉದ್ದ ಐತಿ. ನೋವಾಗಿರಬೇಕಲ್ಲ" ಎಂದರು.

"ಆತ್ರಿ" ಎಂದೆ.

ರಕ್ತ ಒರೆಸಿ ಔಷಧ ಹಚ್ಚಿದೆ. ನಾಳೆ ಮೊದಲ ಬಸ್ಸಿಗೆ ಅವರನ್ನು ಅರ್ಚನಾಗೆ ತೋರಿಸಿ ಬರಬೇಕು.